ಕಾಯುವ ಆಟ, ಕಾಯದ ಆಟ

ಎರಡು ಹೊಸ ಆಟಗಳು ಒಟ್ಟಿಗೆ ಕೈಗೆ ಬಂದಾಗ ಮೊದಲು ಯಾವುದನ್ನು ಆಡುವುದು? ವಿಡಿಯೋ ಗೇಮ್ ಆಡದವರಿಗೆ ಇದು ಪ್ರಶ್ನೆಯಾಗಿಯೇ ಕಾಣುವುದಿಲ್ಲ. ಯಾವುದಾದರೇನು, ಒಂದಾದ ಮೇಲೆ ಇನ್ನೊಂದು ಎನ್ನುತ್ತಾರೆ. ಆಡುವವರಿಗೆ ಮಾತ್ರ ಇದರ ತೂಕ ಗೊತ್ತು. ಸಿನಿಮಾ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಒಂದು ಕಾದಂಬರಿಯನ್ನು ಅರ್ಧಕ್ಕೆ ಮಡಚಿಟ್ಟು ಇನ್ನೊಂದನ್ನು ಓದಿ ಮತ್ತೆ ಮೊದಲಿನದಕ್ಕೆ ಮರಳಬಹುದು. ಆಟಕ್ಕೆ ಈ ಸಲಿಗೆ ಇಲ್ಲ. ಅದರ ನಿಯಮ ಬೆರಳಿಗೆ ಹತ್ತಬೇಕು, ಅದರ ದಾರಿಗಳು ತಲೆಯಲ್ಲಿ ಕೂರಬೇಕು. ಎರಡು ವಾರ ಬಿಟ್ಟು ಬಂದರೆ ಬೆರಳು ತಡವರಿಸುತ್ತದೆ, ಎಲ್ಲಿಗೆ ಹೊರಟಿದ್ದೆವು, ಯಾಕೆ ಹೊರಟಿದ್ದೆವು ಎಂಬುದೂ ಮರೆತಿರುತ್ತದೆ. ಹಾಗಾಗಿ ಮೊದಲು ಆರಿಸಿಕೊಂಡ ಆಟ ಮುಂದಿನ ಹಲವು ವಾರಗಳ ಬಿಡುವನ್ನು ತನ್ನದಾಗಿಸಿಕೊಳ್ಳುತ್ತದೆ. ಸಂಬಳದ ಕೆಲಸ, ಮನೆಗೆಲಸ, ನಿದ್ದೆ ಎಲ್ಲ ಕಳೆದು ಉಳಿಯುವ ಹೊತ್ತೇ ಸ್ವಲ್ಪ. ಅದನ್ನು ಯಾವುದಕ್ಕೆ ಕೊಡಬೇಕೆಂದು ಯೋಚಿಸುವುದು ಸಣ್ಣ ವಿಷಯವೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಈ ಪ್ರಶ್ನೆ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಎದುರಾದದ್ದು 2020ರ ಮಾರ್ಚ್ 20ರಂದು. ಆ ಶುಕ್ರವಾರ ಎರಡು ದೊಡ್ಡ ಆಟಗಳು ಒಂದೇ ದಿನ ಬಿಡುಗಡೆಯಾದವು. ಒಂದು ಡೂಮ್ ಎಟರ್ನಲ್, ಇನ್ನೊಂದು ಆನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್. ಡೂಮ್‌ನಲ್ಲಿ ನರಕದ ದೆವ್ವಪಿಶಾಚಿಗಳು ಭೂಮಿಗೆ ನುಗ್ಗಿವೆ. ಬಂದೂಕು, ಗರಗಸ, ಬರಿಗೈ ಯಾವುದು ಸಿಕ್ಕರೆ ಅದರಿಂದ ಅವುಗಳನ್ನು ಕೊಲ್ಲುತ್ತಾ ಸಾಗುವ ಒಂಟಿ ಯೋಧ ನೀವು. ಆನಿಮಲ್ ಕ್ರಾಸಿಂಗ್‌ನಲ್ಲಿ ಜನವಸತಿಯಿಲ್ಲದ ದ್ವೀಪವೊಂದಕ್ಕೆ ಹೋಗಿ ಟೆಂಟ್ ಹಾಕುತ್ತೀರಿ. ಮಾತಾಡುವ ಪ್ರಾಣಿಗಳೇ ನೆರೆಹೊರೆ. ಮೀನು ಹಿಡಿಯುವುದು, ಹಣ್ಣು ಉದುರಿಸುವುದು, ಹೂಗಿಡಕ್ಕೆ ನೀರು ಹಾಕುವುದೇ ದಿನಚರಿ.

ಎರಡೂ 2019ರಲ್ಲೇ ಬರಬೇಕಾಗಿದ್ದವು. ಡೂಮ್‌ಗೆ ನವೆಂಬರ್ 22 ಎಂದು ದಿನ ಗೊತ್ತಾಗಿತ್ತು. ಇನ್ನಷ್ಟು ತಿದ್ದಿ ತೀಡಬೇಕೆಂದು ಅದನ್ನು ರೂಪಿಸಿದ ಇಡ್ ಸಾಫ್ಟ್‌ವೇರ್‌ನವರು ಮುಂದೂಡಿದರು. ತಮ್ಮ ಕೆಲಸಗಾರರು ಹಗಲುರಾತ್ರಿ ದುಡಿದು ಬಸವಳಿಯಬಾರದೆಂದು ಆನಿಮಲ್ ಕ್ರಾಸಿಂಗ್ ತಯಾರಿಸಿದ ನಿಂಟೆಂಡೊದವರೂ ಮುಂದೂಡಿದರು. ಹೀಗೆ ಬೇರೆ ಬೇರೆ ಕಾರಣಕ್ಕೆ ತಡವಾದ ಎರಡು ಆಟಗಳು ಒಂದೇ ದಿನಕ್ಕೆ ಬಂದು ನಿಂತವು. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಎರಡು ಪಾಳಯದ ಅಭಿಮಾನಿಗಳು ಕಚ್ಚಾಡುತ್ತಾರೆ. ಈ ಸಲ ಹಾಗಾಗಲಿಲ್ಲ. ಕವಚ ತೊಟ್ಟ ಡೂಮ್ ಯೋಧನನ್ನೂ ಆನಿಮಲ್ ಕ್ರಾಸಿಂಗ್‌ನಲ್ಲಿ ಊರಿನ ಕಾರ್ಯದರ್ಶಿಯಾಗಿರುವ ಇಸಬೆಲ್ ಎಂಬ ನಾಯಿಯನ್ನೂ ಗೆಳೆಯರನ್ನಾಗಿಸಿ ಜಗತ್ತಿನ ಎಲ್ಲೆಲ್ಲಿಂದಲೋ ಜನ ಚಿತ್ರ ಬರೆದರು. ಅವನು ಅವಳ ಜೊತೆ ಗಿಡ ನೆಡುತ್ತಿದ್ದಾನೆ, ಅವಳು ಅವನ ಬಂದೂಕು ಹೊತ್ತಿದ್ದಾಳೆ. ಆ ಗೆಳೆತನ ಪೂರ್ತಿ ಕಟ್ಟುಕತೆಯೂ ಅಲ್ಲ. 1993ರ ಮೊದಲ ಡೂಮ್‌ನ ಕೊನೆಯ ದೃಶ್ಯದಲ್ಲಿ ಹಸಿರು ಬಯಲು, ಅದರಲ್ಲೊಂದು ಮೊಲ. ಪರದೆ ಸರಿದಂತೆ ಆ ಮೊಲದ ತಲೆ ಗೂಟಕ್ಕೇರಿರುವುದು ಕಾಣುತ್ತದೆ. 1995ರಲ್ಲಿ ಬಂದ ಪರಿಷ್ಕೃತ ಆವೃತ್ತಿ ಅದು ಯೋಧ ಸಾಕಿದ್ದ ಮೊಲ, ಹೆಸರು ಡೈಸಿ ಎಂದು ತಿಳಿಸಿತು. ಭೂಮಿಯ ಮೇಲಿನ ಪ್ರಾಣಿಯೊಂದರ ಮೇಲೆ ಪ್ರೀತಿ ಇಟ್ಟವನ ಸಿಟ್ಟು ಅದು ಎಂದು ತಿಳಿದ ಮೇಲೆ ಆ ಚಿತ್ರಗಳು ನನಗೆ ಇನ್ನಷ್ಟು ಹತ್ತಿರವಾದವು.

ನಮ್ಮ ಮನೆಯಲ್ಲಿ ಎರಡೂ ಇದ್ದವು. ನಾನೂ ತಂಗಿಯೂ ಬೆಂಗಳೂರಿನ ಬಾಡಿಗೆ ಮನೆಯೊಂದರಲ್ಲಿ ಇದ್ದೆವು. ಅಪ್ಪ ಅಮ್ಮ ತೀರ್ಥಹಳ್ಳಿ ಕಡೆಯ ತೋಟದಲ್ಲಿ. ನನ್ನ ಕಂಪ್ಯೂಟರಿಗೆ ಡೂಮ್ ಕೊಂಡಿದ್ದೆ. ನಿಂಟೆಂಡೊ ಕಂಪನಿ ಸ್ವಿಚ್ ಎಂಬ ತನ್ನ ಆಟದ ಯಂತ್ರವನ್ನು ಆಗ ಭಾರತದಲ್ಲಿ ಅಧಿಕೃತವಾಗಿ ಮಾರುತ್ತಿರಲಿಲ್ಲ. ಸಿಂಗಪುರದಲ್ಲಿರುವ ನೆಂಟರು ಬರುವಾಗ ತಂದುಕೊಟ್ಟದ್ದೊಂದು ತಂಗಿಯ ಬಳಿ ಇತ್ತು. ಅದಕ್ಕೆ ಆನಿಮಲ್ ಕ್ರಾಸಿಂಗ್ ಹಾಕಿಸಿಕೊಂಡೆವು. ಭಾನುವಾರ, ಮಾರ್ಚ್ 22ರಂದು ಜನತಾ ಕರ್ಫ್ಯೂ. ಬುಧವಾರ 25ರಿಂದ ಇಡೀ ದೇಶ ಲಾಕ್‌ಡೌನ್. ಆ ಬುಧವಾರವೇ ಯುಗಾದಿ. ಊರಿಗೆ ಹೋಗಬೇಕಿದ್ದ ಹಬ್ಬಕ್ಕೆ ನಾವಿಬ್ಬರೇ ಎರಡು ಕೋಣೆಯ ಮನೆಯಲ್ಲಿ ಉಳಿದುಕೊಂಡೆವು. ಆಡಲು ಹೊತ್ತು ಬೇಕಾದಷ್ಟಿತ್ತು. ಯಾವುದು ಮೊದಲು ಎಂಬುದಷ್ಟೇ ತೀರ್ಮಾನವಾಗಬೇಕಿತ್ತು.

ನನ್ನ ಮನಸ್ಸು ಡೂಮ್ ಕಡೆಗೇ ವಾಲಿತ್ತು. ಶಿವಮೊಗ್ಗದ ಕಂಪ್ಯೂಟರ್ ಕ್ಲಾಸಿನಲ್ಲಿ ಮೇಷ್ಟ್ರು ಇಲ್ಲದ ಹೊತ್ತಿನಲ್ಲಿ ನಾವು ಹುಡುಗರು ಮೊದಲು ಆಡಿದ ಆಟ ಅದು. ಡೂಮ್‌ನ ಮೊದಲ ಭಾಗವನ್ನು ಅದರ ಕರ್ತೃಗಳು ಬಿಟ್ಟಿಯಾಗಿ ಹಂಚಿಕೊಳ್ಳಲು ಬಿಟ್ಟಿದ್ದರು. ಇಷ್ಟವಾದವರು ಉಳಿದದ್ದನ್ನು ಕೊಳ್ಳಲಿ ಎಂಬ ಲೆಕ್ಕ. ಅದರಿಂದಲೇ ಅದು ಫ್ಲಾಪಿಯಿಂದ ಫ್ಲಾಪಿಗೆ, ಸಿ.ಡಿ.ಯಿಂದ ಸಿ.ಡಿ.ಗೆ ದಾಟಿ ನಮ್ಮಂಥವರ ಊರಿಗೂ ಬಂತು. ಅಂದು ಗೋಡೆಗಳ ನಡುವೆ ಓಡುವಾಗ ಎದೆ ಹೊಡೆದುಕೊಂಡದ್ದು ಈಗಲೂ ನೆನಪಿದೆ.

ಹೊಸ ಡೂಮ್‌ನ ಗಟ್ಟಿತನ ಅದರ ರಕ್ತಪಾತದಲ್ಲಿದೆ ಎಂದು ಹೊರಗಿನಿಂದ ನೋಡಿದವರು ತಿಳಿಯುತ್ತಾರೆ. ಅದರ ನಿಜವಾದ ಜಾಣ್ಮೆ ಲೆಕ್ಕಾಚಾರದಲ್ಲಿದೆ. ಹ್ಯೂಗೋ ಮಾರ್ಟಿನ್ ನಿರ್ದೇಶನದ ಈ ಆಟದಲ್ಲಿ ಗಾಯವಾದಾಗ ಮೂಲೆ ಹಿಡಿದು ಕುಳಿತರೆ ಪ್ರಾಣ ಮರಳುವುದಿಲ್ಲ. ದಣಿದು ತತ್ತರಿಸಿದ ಪಿಶಾಚಿಯನ್ನು ಕೈಯಿಂದಲೇ ಮುಗಿಸಿದರೆ ಪ್ರಾಣಶಕ್ತಿ ಉದುರುತ್ತದೆ. ಗರಗಸದಿಂದ ಸೀಳಿದರೆ ಗುಂಡುಗಳು ಸಿಗುತ್ತವೆ. ಬೆಂಕಿ ಹಚ್ಚಿ ಹೊಡೆದರೆ ಕವಚ ಸಿಗುತ್ತದೆ. ಏನು ಬೇಕಿದ್ದರೂ ಶತ್ರುವಿನಿಂದಲೇ ಪಡೆಯಬೇಕು, ಅಂದರೆ ಶತ್ರುವಿನತ್ತಲೇ ಓಡಬೇಕು. ಜೊತೆಗೆ ಒಬ್ಬೊಬ್ಬನ ಸ್ವಭಾವ ಬೇರೆ. ಗಾಳಿಯಲ್ಲಿ ತೇಲುವ ಒಕ್ಕಣ್ಣಿನ ಕ್ಯಾಕೊಡೀಮನ್ ಬಾಯಿ ತೆರೆದಾಗ ಅದರೊಳಕ್ಕೇ ಗ್ರೆನೇಡ್ ಎಸೆಯಬೇಕು. ಮರಾಡರ್ ಎಂಬ ಕೊಡಲಿಧಾರಿಯ ಹತ್ತಿರ ಹೋದರೆ ಬಂದೂಕಿನಿಂದ ಹೊಡೆಯುತ್ತಾನೆ, ದೂರ ಸರಿದರೆ ಕೊಡಲಿಯ ಬೆಳಕನ್ನೆಸೆಯುತ್ತಾನೆ. ನಡುವಿನ ದೂರದಲ್ಲಿ ನಿಂತು, ಅವನ ಕಣ್ಣು ಹಸಿರಾಗಿ ಮಿಂಚಿದ ಕ್ಷಣದಲ್ಲಿ ಗುಂಡು ಹಾರಿಸಬೇಕು. ಈ ಎಲ್ಲ ತೀರ್ಮಾನಗಳನ್ನೂ ಓಡುತ್ತಾ, ಹಾರುತ್ತಾ, ಮಿಕ್ ಗಾರ್ಡನ್‌ನ ಸಂಗೀತ ಕಿವಿಗೆ ಅಪ್ಪಳಿಸುತ್ತಿರುವಾಗ ಮಾಡಬೇಕು. ಈ ಆಟ ಒಂದು ಗಂಟೆ ಕೇಳಿದರೆ ಆ ಗಂಟೆಯನ್ನು ಇಡಿಯಾಗಿ ಕೇಳುತ್ತದೆ. ಅರ್ಧ ಮನಸ್ಸು ಹೊರಗಿಟ್ಟು ಆಡಿದರೆ ಅದು ನಿಮ್ಮನ್ನು ಕೊಲ್ಲುತ್ತದೆ. ಹೊರಗಿನ ಸುದ್ದಿ ದಿನದಿನಕ್ಕೂ ಕೆಡುತ್ತಿದ್ದ ಆ ವಾರದಲ್ಲಿ ಹಾಗೆ ಮೈಮರೆಯುವ ಆಸೆ ನನಗೆ ಬಲವಾಗಿತ್ತು.

ಆನಿಮಲ್ ಕ್ರಾಸಿಂಗ್‌ನ ಹುಟ್ಟೇ ಬೇರೆ. ಅದನ್ನು ಮೊದಲು ಕಲ್ಪಿಸಿಕೊಂಡವರು ಕತ್ಸುಯಾ ಎಗುಚಿ. ಅವರು ಚಿಬಾದಲ್ಲಿದ್ದ ಮನೆಮಂದಿಯನ್ನೂ ಗೆಳೆಯರನ್ನೂ ಬಿಟ್ಟು ನಿಂಟೆಂಡೊದ ಕೆಲಸಕ್ಕಾಗಿ ಕ್ಯೋಟೊಗೆ ಬಂದರು. ತಮ್ಮವರು ಪಕ್ಕದಲ್ಲಿರುವುದೇ ಎಷ್ಟು ದೊಡ್ಡದೆಂಬುದು ಆ ಒಂಟಿತನದಲ್ಲಿ ಅವರಿಗೆ ತಿಳಿಯಿತಂತೆ. ಮುಂದೆ ಮದುವೆಯಾಗಿ ಮಕ್ಕಳಾದ ಮೇಲೆ ಇನ್ನೊಂದು ತೊಡಕು: ಇವರು ಕಚೇರಿಯಿಂದ ಬರುವಷ್ಟರಲ್ಲಿ ಮನೆಯವರ ಆಟ ಮುಗಿದಿರುತ್ತಿತ್ತು. ಬೇರೆ ಬೇರೆ ಹೊತ್ತಿನಲ್ಲಿ ಆಡಿದರೂ ಜೊತೆಯಾಗಿ ಆಡಿದಂತಾಗುವ ಆಟವೊಂದು ಯಾಕಿರಬಾರದು ಎಂದು ಯೋಚಿಸಿದರು. 2001ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಬಂದ ಮೊದಲ ಆಟದ ಕಾರ್ಟ್ರಿಜ್ ಒಳಗೇ ಗಡಿಯಾರವೊಂದನ್ನು ಇಟ್ಟಿದ್ದರು. ಯಂತ್ರ ಆರಿಸಿದ್ದರೂ ಆ ಊರಿನಲ್ಲಿ ಹೊತ್ತು ಸಾಗುತ್ತಿತ್ತು. ಊರು ಬಿಟ್ಟು ನೌಕರಿಗೆ ಬಂದವರಿಂದಲೇ ತುಂಬಿರುವ ಬೆಂಗಳೂರಿನಲ್ಲಿ ಕುಳಿತು ಇದನ್ನು ಓದಿದಾಗ ಎಗುಚಿಯವರ ಕ್ಯೋಟೊ ನನಗೆ ಪರದೇಶವಾಗಿ ಕಾಣಲಿಲ್ಲ.

ಆಯಾ ಕ್ಯೋಗೊಕು ನಿರ್ದೇಶಿಸಿದ ನ್ಯೂ ಹೊರೈಜನ್ಸ್‌ನಲ್ಲೂ ಆ ಗಡಿಯಾರವೇ ಎಲ್ಲದರ ನಡುವೆ ಇದೆ. ಇಲ್ಲಿ ರಾತ್ರಿಯಾದರೆ ದ್ವೀಪದಲ್ಲೂ ರಾತ್ರಿ. ಗಂಟೆ ಗಂಟೆಗೂ ಸಂಗೀತ ಬದಲಾಗುತ್ತದೆ. ಇವತ್ತು ಸೇತುವೆ ಕಟ್ಟಲು ಹೇಳಿದರೆ ಅದು ನಾಳೆಗೇ ಆಗುವುದು. ಮರದಿಂದ ಹಣ್ಣು ಉದುರಿಸಿದರೆ ಮತ್ತೆ ಬಿಡಲು ಮೂರು ದಿನ. ಮನೆಗೆ ಸಾಲ ಕೊಡುವ ಟಾಮ್ ನುಕ್ ಬಡ್ಡಿ ಕೇಳುವುದಿಲ್ಲ, ಗಡುವನ್ನೂ ಹಾಕುವುದಿಲ್ಲ. ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ಆಡಿದರೆ ಸಾಕು. ಆದರೆ ದಿನದಿನವೂ ಬರಬೇಕು. ಡೂಮ್ ಸುಮಾರು 15 ಗಂಟೆಯಲ್ಲಿ ಮುಗಿಯುವ ಕತೆ. ಇದಕ್ಕೆ ಮುಗಿಯುವುದೆಂಬುದೇ ಇಲ್ಲ.

ಯಾವುದು ಮೊದಲು ಎನ್ನುವುದಕ್ಕೆ ಆಡುವವರಲ್ಲಿ ಹಲವು ಸೂತ್ರಗಳಿವೆ. ಚಿಕ್ಕದನ್ನು ಮೊದಲು ಮುಗಿಸು, ದೊಡ್ಡದಕ್ಕೆ ಆಮೇಲೆ ನೆಮ್ಮದಿಯಾಗಿ ಕೂರಬಹುದು ಎನ್ನುವುದು ಒಂದು. ಇದರಲ್ಲಿ ಅರ್ಥವಿದೆ, ಮುಗಿಸಿದ ತೃಪ್ತಿ ಮುಂದಿನದಕ್ಕೆ ಹುರುಪು ಕೊಡುತ್ತದೆ. ಎಲ್ಲರೂ ಮಾತಾಡುತ್ತಿರುವುದನ್ನು ಮೊದಲು ಆಡು, ಇಲ್ಲವಾದರೆ ಕತೆಯ ತಿರುವುಗಳು ಯಾರದೋ ಬಾಯಿಂದ ಕಿವಿಗೆ ಬಿದ್ದುಬಿಡುತ್ತವೆ ಎನ್ನುವುದು ಇನ್ನೊಂದು. ಕತೆಯೇ ಪ್ರಾಣವಾಗಿರುವ ಆಟಕ್ಕೆ ಇದು ಸರಿ. ಮೂರನೆಯದು ಮನಸ್ಸಿನ ಸೂತ್ರ: ದಣಿದಿದ್ದರೆ ಹಗುರವಾದದ್ದು, ಬೇಸರವಾಗಿದ್ದರೆ ಬಿರುಸಾದದ್ದು. ನಾನು ಬಹಳ ಕಾಲ ಇದನ್ನೇ ನಂಬಿದ್ದೆ, ಆ ವಾರ ನನ್ನನ್ನು ಡೂಮ್ ಕಡೆಗೆ ಎಳೆಯುತ್ತಿದ್ದುದೂ ಇದೇ. ಇಂಥ ಸೂತ್ರಗಳೆಲ್ಲ ಆಟವನ್ನೂ ನನ್ನನ್ನೂ ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ. ಮನೆಯಲ್ಲಿ ಇನ್ನೊಬ್ಬರಿದ್ದರು.

ಆನಿಮಲ್ ಕ್ರಾಸಿಂಗ್‌ನಲ್ಲಿ ಒಂದು ಯಂತ್ರಕ್ಕೆ ಒಂದೇ ದ್ವೀಪ. ಮೊದಲು ಕಾಲಿಟ್ಟವರು ಅದರ ಪ್ರತಿನಿಧಿಯಾಗುತ್ತಾರೆ. ಅಂಗಡಿ ಎಲ್ಲಿ, ಸೇತುವೆ ಎಲ್ಲಿ ಎಂಬುದೆಲ್ಲ ಅವರದೇ ತೀರ್ಮಾನ. ಆಮೇಲೆ ಬಂದವರು ಅಲ್ಲೇ ಮನೆ ಕಟ್ಟಿಕೊಂಡು ಇರಬಹುದು. ತಂಗಿ ಯಂತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು.

"ನೀನು ಶುರು ಮಾಡು. ನಾನು ಡೂಮ್ ಮುಗಿಸ್ಕೊಂಡು ಬರ್ತೀನಿ" ಅಂದೆ.

"ಅಷ್ಟೊತ್ತಿಗೆ ಎಲ್ಲಾ ಕಟ್ಟಿ ಆಗಿರುತ್ತೆ ಅಣ್ಣ. ಕಟ್ಟಿದ ಊರಿಗೆ ಬಂದು ನೀನೇನ್ ಮಾಡ್ತೀಯ? ಡೂಮ್ ಎಲ್ಲಿಗೂ ಓಡಿ ಹೋಗಲ್ಲ" ಅಂದಳು.

ಅವಳ ಕೊನೆಯ ಮಾತಿನಲ್ಲಿ ನನಗೆ ಬೇಕಿದ್ದ ಅಳತೆಗೋಲು ಸಿಕ್ಕಿತು. ಡೂಮ್ ನಿಜವಾಗಿಯೂ ಎಲ್ಲಿಗೂ ಹೋಗುವುದಿಲ್ಲ. ಮರಾಡರ್ ಈ ವರ್ಷ ಎಷ್ಟು ದೂರದಲ್ಲಿ ನಿಲ್ಲುತ್ತಾನೋ ಹತ್ತು ವರ್ಷದ ಮೇಲೂ ಅಷ್ಟೇ ದೂರದಲ್ಲಿ ನಿಲ್ಲುತ್ತಾನೆ. ಆ ಆಟ ಪೂರ್ತಿಯಾಗಿ ಅದರೊಳಗೇ ಇದೆ. ಆನಿಮಲ್ ಕ್ರಾಸಿಂಗ್‌ನ ಅರ್ಧ ಮಾತ್ರ ಯಂತ್ರದಲ್ಲಿದೆ. ಉಳಿದರ್ಧ ಕ್ಯಾಲೆಂಡರಿನಲ್ಲಿ, ಜೊತೆಗೆ ಆಡುವವರಲ್ಲಿ ಇದೆ. ನಮ್ಮ ಉತ್ತರ ಗೋಳಾರ್ಧದ ಲೆಕ್ಕದಲ್ಲಿ ಸ್ಟರ್ಜನ್ ಮೀನು ಮಾರ್ಚ್ ಮುಗಿಯುತ್ತಲೇ ಮರೆಯಾದರೆ ಮತ್ತೆ ಸೆಪ್ಟೆಂಬರಿಗೆ. ಚೆರಿ ಮರಗಳು ಹೂ ಉದುರಿಸುವುದು ಏಪ್ರಿಲ್ 1ರಿಂದ 10ರವರೆಗೆ. ಯಂತ್ರದ ಗಡಿಯಾರವನ್ನು ತಿರುಗಿಸಿ ಏಪ್ರಿಲನ್ನು ಬೇಕಾದಾಗ ಕರೆಸಿಕೊಳ್ಳಬಹುದು, ಅನೇಕರು ಹಾಗೆ ಮಾಡುತ್ತಾರೆ. ಹೂವು ಅದರಿಂದ ಸಿಗುತ್ತದೆ. ಅದೇ ದಿನ ಅದೇ ಹೂವಿನ ಕೆಳಗೆ ನಿಂತ ಜೊತೆಗಾರರು ಸಿಗುವುದಿಲ್ಲ.

ಹೀಗೆ ದ್ವೀಪವೇ ಮೊದಲಾಯಿತು. ತಂಗಿ ಪ್ರತಿನಿಧಿಯಾದಳು, ನಾನು ಎರಡನೆಯ ನಿವಾಸಿಯಾದೆ. ನನ್ನದು ಅಮೆರಿಕದ ಹೊತ್ತಿಗೆ ಹೊಂದಿಸಿದ ಕೆಲಸ, ಅವಳದು ಹಗಲಿನದು. ಒಂದೇ ಸೂರಿನ ಕೆಳಗಿದ್ದರೂ ಎಚ್ಚರವಾಗಿ ಎದುರುಬದುರು ಕೂರುವ ಹೊತ್ತು ನಮಗೆ ಕಡಿಮೆ. ದ್ವೀಪದ ಅಂಗಡಿ ಬೆಳಿಗ್ಗೆ 8ಕ್ಕೆ ತೆರೆದು ರಾತ್ರಿ 10ಕ್ಕೆ ಮುಚ್ಚುತ್ತದೆ. ನಾನು ಕೆಲಸದ ನಡುವೆ ಬಿಡುವು ಮಾಡಿಕೊಂಡು ಹೋಗುವಾಗ ಬಾಗಿಲು ಹಾಕಿರುತ್ತಿತ್ತು. ಆದರೆ ಟರಾಂಟುಲಾ ಎಂಬ ದೊಡ್ಡ ಜೇಡ ಹೊರಬರುವುದು ಸಂಜೆ 7ರಿಂದ ಬೆಳಗಿನ ಜಾವ 4ರವರೆಗೆ ಮಾತ್ರ, ಅದಕ್ಕೆ ಅಂಗಡಿಯಲ್ಲಿ ಅಲ್ಲಿನ ಹಣದಲ್ಲಿ 8,000 ಬೆಲ್ ಬೆಲೆ. ನಾನು ರಾತ್ರಿ ಬಲೆ ಹಿಡಿದು ಮೆಲ್ಲಗೆ ಹೆಜ್ಜೆ ಇಟ್ಟು ಅದನ್ನು ಹಿಡಿದು ಅವಳ ಮನೆಯ ಮುಂದೆ ಇಟ್ಟುಬರುತ್ತಿದ್ದೆ. ಬೆಳಿಗ್ಗೆ ಅವಳು ಮಾರಿ, ನನ್ನ ಬಾಗಿಲಿಗೆ ಹಣ್ಣೋ ಕುರ್ಚಿಯೋ ಇಟ್ಟಿರುತ್ತಿದ್ದಳು. ಚೌಕದಲ್ಲಿರುವ ಸೂಚನಾ ಫಲಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದುಕೊಳ್ಳುತ್ತಿದ್ದೆವು: ಹಾಲು ತಂದಿಟ್ಟಿದ್ದೀನಿ, ಅಮ್ಮನಿಗೆ ಫೋನ್ ಮಾಡು, ಮ್ಯೂಸಿಯಮ್ಮಿಗೆ ಹೊಸ ಚಿಟ್ಟೆ ಕೊಟ್ಟೆ. ಎಗುಚಿ ತಮ್ಮ ಮನೆಗೆಂದು ಬಯಸಿದ್ದು ಇಷ್ಟು ವರ್ಷದ ಮೇಲೆ ನಮ್ಮ ಮನೆಯಲ್ಲಿ ನಡೆಯುತ್ತಿತ್ತು.

ಭಾನುವಾರಗಳಲ್ಲಿ ಮಾತ್ರ ಇಬ್ಬರೂ ಪಕ್ಕಪಕ್ಕದಲ್ಲಿ ಕೂರುತ್ತಿದ್ದೆವು. ಡೈಸಿ ಮೇ ಎಂಬ ಹಂದಿಮರಿ ಭಾನುವಾರ ಮಧ್ಯಾಹ್ನದೊಳಗೆ ಟರ್ನಿಪ್ ಗೆಡ್ಡೆ ಮಾರಿ ಹೋಗುತ್ತಾಳೆ. ಸೋಮವಾರದಿಂದ ಶನಿವಾರದೊಳಗೆ ಒಳ್ಳೆಯ ದರ ನೋಡಿ ಮಾರಬೇಕು, ಮುಂದಿನ ಭಾನುವಾರಕ್ಕೆ ಕೊಳೆತುಹೋಗುತ್ತದೆ. ಎಷ್ಟು ಕೊಳ್ಳುವುದೆಂದು ಲೆಕ್ಕ ಹಾಕುತ್ತಾ, ಗಿಡಗಳಿಗೆ ನೀರು ಹಾಕುತ್ತಾ ಏನೇನೋ ಮಾತು ಬರುತ್ತಿತ್ತು. ಊರಿನಲ್ಲಿ ಅಡಿಕೆ ಸುಲಿಯಲು ಕುಳಿತಾಗ ಕೈ ತನ್ನಷ್ಟಕ್ಕೆ ನಡೆಯುತ್ತಿದ್ದು ಮಾತು ಬಿಚ್ಚಿಕೊಳ್ಳುವ ಹಾಗೆ. ಹೊಸ ಕೆಲಸದ ಬಗ್ಗೆ ಅವಳಿಗಿದ್ದ ಅಳುಕು, ಅಪ್ಪನ ಮಂಡಿನೋವು, ಊರಿಗೆ ಯಾವಾಗ ಹೋಗಲು ಸಾಧ್ಯವಾದೀತು ಎಂಬುದೆಲ್ಲ ಹೀಗೇ ಮಾತಿಗೆ ಬಂತು. ಎದುರು ಕೂರಿಸಿಕೊಂಡು ಕೇಳಿದ್ದರೆ ಅವಳು ಹೇಳುತ್ತಿರಲಿಲ್ಲ.

ಹೊರಗೂ ಅದೇ ನಡೆಯುತ್ತಿತ್ತು. ಮಾರ್ಚ್ ಮುಗಿಯುವಷ್ಟರಲ್ಲೇ, ಹನ್ನೆರಡು ದಿನಗಳಲ್ಲಿ, ಆ ಆಟದ 1.17 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಜನ ದ್ವೀಪಗಳಲ್ಲಿ ಹುಟ್ಟುಹಬ್ಬ ಮಾಡಿದರು, ಮುಂದೂಡಿದ ಮದುವೆಯನ್ನು ಅಲ್ಲಿ ನಡೆಸಿದರು. ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಮ್ ತನ್ನ ಸಂಗ್ರಹದ ಕಲಾಕೃತಿಗಳನ್ನು ಆಟದೊಳಗಿನ ಗೋಡೆಗೆ ತೂಗುಹಾಕಿಕೊಳ್ಳಲು ದಾರಿ ಮಾಡಿಕೊಟ್ಟಿತು. ಮನೆಯಿಂದ ಹೊರಬರಲಾಗದ ಜನ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಹೋಗಿಬಂದರು. ಅಂಥ ತಿಂಗಳು ಆ ಆಟಕ್ಕೆ ಇನ್ನೊಮ್ಮೆ ಬರಲಾರದು, ಬರುವುದೂ ಬೇಡ.

ಡೂಮ್ ತೆರೆದದ್ದು ಮಳೆ ಹಿಡಿದ ಮೇಲೆ. ತಡವಾಯಿತೆಂದು ಅದು ಒಂದಿಷ್ಟೂ ಮಸುಕಾಗಿರಲಿಲ್ಲ. ಮೊದಲ ಹಂತದಲ್ಲೇ ಶಿವಮೊಗ್ಗದ ದಿನಗಳ ಎದೆಬಡಿತ ಮರಳಿತು. ಇನ್ನೊಂದು ಲಾಭವೂ ಆಯಿತು. ಮಾರ್ಚಿನಲ್ಲಿ ಆಡಿದ್ದರೆ ಸುದ್ದಿಯಿಂದ ಓಡಿಹೋಗಲೆಂದು ಆಡುತ್ತಿದ್ದೆ, ಸಿಟ್ಟು ತೀರಿಸಿಕೊಳ್ಳಲು ಗುಂಡು ಹಾರಿಸುತ್ತಿದ್ದೆ. ದ್ವೀಪದಲ್ಲಿ ಟರಾಂಟುಲಾದ ಮುಂಗಾಲು ಏಳುವುದನ್ನು ನೋಡಿ ಹೆಜ್ಜೆ ತಡೆದು ನಿಲ್ಲುವುದು ಅಭ್ಯಾಸವಾಗಿತ್ತು. ಮರಾಡರ್ ಬಯಸುವುದೂ ಅದೇ ಗಮನವನ್ನು: ಎಷ್ಟು ದೂರ, ಯಾವ ಕ್ಷಣ. ಎರಡು ಆಟಗಳ ನಡುವೆ ಅಷ್ಟು ಹತ್ತಿರದ ಸಂಬಂಧವಿರಬಹುದೆಂದು ನಾನು ಎಣಿಸಿರಲಿಲ್ಲ. ಅವನನ್ನು ಮೊದಲ ಸಲ ಸೋಲಿಸಿದಾಗ ತಂಗಿ ಪಕ್ಕದಲ್ಲೇ ಕುಳಿತಿದ್ದಳು. "ಹಸಿರು ಬಂತು ನೋಡು, ಈಗ ಹೊಡಿ" ಎಂದು ಹೇಳಿಕೊಟ್ಟವಳು ಅವಳೇ. ಆ ಡಿಸೆಂಬರಿನಲ್ಲಿ ಡೂಮ್ ಎಟರ್ನಲ್ ಸ್ವಿಚ್ ಯಂತ್ರಕ್ಕೂ ಬಂದಾಗ ಅದನ್ನು ಕೊಂಡವಳೂ ಅವಳೇ.

ಈಗ ಆಟಗಳು ಇನ್ನೂ ಹೆಚ್ಚಾಗಿವೆ. ರಿಯಾಯಿತಿ ಬಂದಾಗಲೆಲ್ಲ ಕೊಂಡು, ಆಡದೆ ಉಳಿಸಿದ ಆಟಗಳ ರಾಶಿ ಬಹಳ ಜನರ ಬಳಿ ಇದೆ. ಯಾವುದರಿಂದ ಶುರು ಮಾಡಲಿ ಎಂದು ಜೊತೆಯ ಕೆಲಸದ ಹುಡುಗರು ಕೇಳುತ್ತಿರುತ್ತಾರೆ. ಯಾವ ಆಟಕ್ಕೆ ಅಂಕ ಜಾಸ್ತಿ ಬಂದಿದೆ ಎಂದು ನೋಡಲು ನಾನು ಹೇಳುವುದಿಲ್ಲ. ಒಬ್ಬರೇ ಕುಳಿತು ಆಡುವ, ತನ್ನೊಳಗೆ ಪೂರ್ಣವಾಗಿರುವ ಆಟವನ್ನು ಧೈರ್ಯವಾಗಿ ಕಾಯಿಸಿ. ಒಳ್ಳೆಯ ಆಟವಾದರೆ ಅದು ಕೆಡುವುದಿಲ್ಲ. 1993ರ ಡೂಮ್ ಅನ್ನು ಇವತ್ತಿಗೂ ಜನ ಆಡುತ್ತಿದ್ದಾರೆ. ಋತುವಿಗೆ, ದಿನಕ್ಕೆ, ಇನ್ನೊಬ್ಬರ ಬಿಡುವಿಗೆ ಅಂಟಿಕೊಂಡಿರುವ ಆಟವನ್ನು ಮೊದಲು ಆಡಿ. ಮನೆಯಲ್ಲಿ ತಂಗಿಯೋ ಮಗನೋ ಅಮ್ಮನೋ ಆಟಕ್ಕೆ ಕರೆಯುತ್ತಿದ್ದರೆ ಅಲ್ಲಿಗೇ ಪ್ರಶ್ನೆ ಮುಗಿಯಿತು. ಅವರು ಕರೆದ ಆಟವೇ ಮೊದಲಿನದು.